ಜಪ್‌ಜಿ ಸಾಹಿಬ್ ಕನ್ನಡ ಲಿಪಿಯಲ್ಲಿ ಓದಿದರೆ ಸಾಕೇ, ಮಕ್ಕಳಿಗೆ ಗುರ್ಮುಖಿ ಕಲಿಸಲೇಬೇಕೇ?

ಬೀದರಿನ ತಂದೆ ಬರೆದದ್ದು:

ಎಲ್ಲರಿಗೂ ಸತ್ ಶ್ರೀ ಅಕಾಲ್ ಮತ್ತು ನಮಸ್ಕಾರ.

ನಮ್ಮದು ಬೀದರಿನ ಸಿಖ್ ಮನೆತನ. ಈಚೆಗೆ ವ್ಯಾಪಾರಕ್ಕೋ ನೌಕರಿಗೋ ಪಂಜಾಬಿನಿಂದ ಬಂದವರಲ್ಲ. 1830ರ ದಶಕದಲ್ಲಿ ಮಹಾರಾಜಾ ರಣಜೀತ್ ಸಿಂಗ್ ಅವರು ಹೈದರಾಬಾದಿನ ನಿಜಾಮರಿಗೆ ಕಳಿಸಿಕೊಟ್ಟ ಲಾಹೋರಿ ಫೌಜಿನ ಜೊತೆಗೆ ದಖ್ಖನಿಗೆ ಬಂದು ಇಲ್ಲಿಯೇ ಬೇರುಬಿಟ್ಟವರ ಸಂತತಿ ನಾವು. ಮನೆಯಲ್ಲಿ ದಖನಿ ಮಾತನಾಡುತ್ತೇವೆ, ಹೊರಗೆ ಕನ್ನಡ. ಪಂಜಾಬಿ ನಮ್ಮ ಮನೆಮಾತಾಗಿ ಎಷ್ಟೋ ತಲೆಮಾರುಗಳು ಕಳೆದಿವೆ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ನನ್ನ ತಂದೆಯವರಿಗೆ ಪಂಜಾಬಿ ಬರೆಯುವ ಗುರ್ಮುಖಿ ಲಿಪಿ ಚೆನ್ನಾಗಿ ಬರುತ್ತಿತ್ತು, ನನಗೆ ಬಾರದು. ನಸುಕಿನಲ್ಲಿ ಅವರು ಗುರು ನಾನಕರ ಬೆಳಗಿನ ಪ್ರಾರ್ಥನೆಯಾದ ಜಪ್‌ಜಿ ಹೇಳುವುದನ್ನು ಹೊದಿಕೆಯೊಳಗಿನಿಂದ ಕೇಳುತ್ತ ಕೇಳುತ್ತ ನನಗೂ ಬಾಯಿಪಾಠವಾಯಿತು. ಅಕ್ಷರದ ಹಂಗಿಲ್ಲದೆ ಇಂದಿಗೂ ಹಾಗೆಯೇ ಹೇಳುತ್ತೇನೆ.

ಈಗ ನಾವು ಬೆಂಗಳೂರಿನಲ್ಲಿದ್ದೇವೆ. ಮಗಳಿಗೆ ಹನ್ನೊಂದು ವರ್ಷ. ಭಾನುವಾರ ಹಲಸೂರು ಕೆರೆಯ ದಂಡೆಯ ಗುರುದ್ವಾರಕ್ಕೆ ಹೋಗಿಬರುತ್ತೇವೆ. ಅವಳಿಗೆ ಜಪ್‌ಜಿ ಕಲಿಸೋಣವೆಂದು ಕನ್ನಡ ಲಿಪಿಯಲ್ಲಿ ಅಚ್ಚಾದ ಒಂದು ಪುಸ್ತಿಕೆಯನ್ನು ತಂದುಕೊಟ್ಟೆ. ಅವಳು ಬೆರಳಿಟ್ಟು ‘ಸತಿ ನಾಮು ಕರತಾ ಪುರಖು’ ಎಂದು ಒಂದೊಂದೇ ಅಕ್ಷರವನ್ನು ಬಿಡಿಸಿ ಓದಿದಳು. ನನ್ನ ಕಿವಿಯಲ್ಲಿರುವುದು ‘ಸತ್ ನಾಮ್ ಕರ್ತಾ ಪುರಖ್’. ಹಾಗಲ್ಲ ಮಗಳೇ ಎಂದರೆ, ‘ಪುಸ್ತಕದಲ್ಲಿ ಹೀಗೇ ಇದೆಯಲ್ಲ ಅಪ್ಪಾ, ಮತ್ತೆ ಸತಿ ಎಂದರೆ ಹೆಂಡತಿಯಲ್ಲವೇ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಐವತ್ತು ವರ್ಷ ಹೇಳಿಕೊಂಡು ಬಂದ ಮಾತಿನ ಮೊದಲ ಸಾಲಿನ ಬಗ್ಗೆ ಮಗುವಿಗೆ ಉತ್ತರಿಸಲಾಗಲಿಲ್ಲ ಎಂಬುದು ನನ್ನನ್ನು ಬಹಳ ಕಾಡುತ್ತಿದೆ.

ಮನೆಯಲ್ಲಿ ತಂದೆಯವರ ಗುಟಕಾ ಸಾಹಿಬ್, ಅಂದರೆ ನಿತ್ಯಪಾಠದ ಚಿಕ್ಕ ಪ್ರಾರ್ಥನಾ ಪುಸ್ತಕ, ಇದೆ. ರುಮಾಲಿನಲ್ಲಿ ಸುತ್ತಿ ಎತ್ತರದ ಗೂಡಿನಲ್ಲಿ ಇಟ್ಟಿದ್ದೇವೆ. ಅದರ ಸಾಲುಗಳ ನಡುನಡುವೆ ಪೆನ್ಸಿಲಿನ ಸಣ್ಣ ಗೀಟುಗಳಿವೆ. ಅವೇನೆಂದು ಕೇಳುವ ಮೊದಲೇ ಅವರು ಹೋಗಿಬಿಟ್ಟರು. ಶಾಲೆಯಲ್ಲಿ ಈಗಾಗಲೇ ಮೂರು ಲಿಪಿಗಳನ್ನು ಹೊತ್ತಿರುವ ಮಗುವಿಗೆ ನಾಲ್ಕನೆಯದನ್ನು ಹೊರಿಸುವುದು ಸರಿಯೇ? ತಿಳಿದವರು ದಯವಿಟ್ಟು ಬರೆಯಿರಿ.

ಹಳಗನ್ನಡ ಮೇಷ್ಟರು ಬರೆದದ್ದು:

ಮಾನ್ಯರೇ, ನಾನು ಸಿಖ್ಖನಲ್ಲ. ಪದವಿ ತರಗತಿಗಳಿಗೆ ಮೂವತ್ತು ವರ್ಷ ಹಳಗನ್ನಡ ಪಾಠ ಮಾಡಿದವನು. ಭಾಷಾಶಾಸ್ತ್ರದ ಆಸಕ್ತಿಯಿಂದ ಗುರ್ಮುಖಿ ಕಲಿತು, ಗುರುಬಾಣಿಯ ವ್ಯಾಕರಣವನ್ನು ಸ್ವಲ್ಪಮಟ್ಟಿಗೆ ಓದಿಕೊಂಡಿದ್ದೇನೆ. ನಿಮ್ಮ ಮಗಳ ಪ್ರಶ್ನೆ ಬಹಳ ದೊಡ್ಡ ಪ್ರಶ್ನೆ, ಅವಳನ್ನು ಗದರಬೇಡಿ.

ಆ ಸಾಲಿನಲ್ಲಿರುವ ‘ಸತಿ’ ಎಂಬುದು ನಮ್ಮ ಸತಿಪತಿಯರ ಸತಿಯಲ್ಲ. ಸಂಸ್ಕೃತದ ‘ಸತ್ಯ’ ಸವೆದು ಸವೆದು ಆದ ರೂಪ ಅದು. ಕೊನೆಯ ಇಕಾರ ಮೂಲಪದದ ಯಕಾರದ ಕುರುಹಾಗಿ ಬರವಣಿಗೆಯಲ್ಲಿ ಉಳಿದಿದೆ, ಬಾಯಲ್ಲಿ ಬಿದ್ದುಹೋಗಿದೆ. ‘ನಾಮು’, ‘ಪುರಖು’ ಎಂಬಲ್ಲಿನ ಉಕಾರದ ಕಥೆ ಬೇರೆ. ಅದು ಪುಲ್ಲಿಂಗ ಏಕವಚನದ ಪ್ರಥಮಾ ವಿಭಕ್ತಿಯ ಗುರುತು. ನಾವು ‘ರಾಮನು ಬಂದನು’ ಎಂದು ಬರೆದು ‘ರಾಮ ಬಂದ’ ಎಂದು ಆಡುತ್ತೇವಲ್ಲ, ಹೆಚ್ಚುಕಡಿಮೆ ಹಾಗೆಯೇ ಎಂದು ಮಗುವಿಗೆ ಹೇಳಬಹುದು. ಆ ಸಾಲಿರುವ, ಜಪ್‌ಜಿಯ ಆರಂಭದ ಮೂಲಮಂತ್ರದ ಕೊನೆಗೆ ‘ಗುರ ಪ್ರಸಾದಿ’ ಎಂದು ಬರುತ್ತದೆ. ಅಲ್ಲಿನ ಇಕಾರ ತೃತೀಯಾ ವಿಭಕ್ತಿ. ಹಳಗನ್ನಡದಲ್ಲಿ ಹೇಳುವುದಾದರೆ ‘ಪ್ರಸಾದದಿಂ’, ಅಂದರೆ ಗುರುವಿನ ಕೃಪೆಯಿಂದ. ಆ ಒಂದು ಗುಡಿಸು ಇಲ್ಲದಿದ್ದರೆ ‘ಇಂದ’ ಎಂಬ ಅರ್ಥವೇ ಇಲ್ಲ.

ಗುರುಗಳ ಅಂಕಿತವನ್ನೇ ನೋಡಿ. ‘ನಾನಕು’ ಎಂದಿದ್ದರೆ ನಾನಕನು ಎಂದು ಕರ್ತೃಪದ. ‘ನಾನಕ’ ಎಂದಷ್ಟೇ ಇದ್ದರೆ ಬಹುಮಟ್ಟಿಗೆ ಎಲೈ ನಾನಕನೇ ಎಂಬ ಸಂಬೋಧನೆ, ಇಲ್ಲವೇ ಮುಂದಿನ ಪದಕ್ಕೆ ಅಂಟಿದ ರೂಪ. ‘ನಾನಕಿ’ ಎಂದಿದ್ದರೆ ನಾನಕನಿಂದ. ಮೂರನ್ನೂ ಪಾಠದಲ್ಲಿ ಹೇಳುವುದು ‘ನಾನಕ್’ ಎಂದೇ. ಕಿವಿಗೆ ಒಂದೇ ಆದದ್ದು ಕಣ್ಣಿಗೆ ಮೂರು. ಪ್ರೊಫೆಸರ್ ಸಾಹಿಬ್ ಸಿಂಗ್ ಅವರು ಈ ಕೊನೆಯ ಸ್ವರಗಳ ಕಟ್ಟುಪಾಡನ್ನು ಬಿಡಿಸಿ ತೋರಿಸಿ, ಅದರ ಆಧಾರದ ಮೇಲೆಯೇ ಹತ್ತು ಸಂಪುಟಗಳ ಟೀಕೆಯನ್ನು, ಅಂದರೆ ಗುರು ಗ್ರಂಥ ಸಾಹಿಬ್‌ನ ವ್ಯಾಖ್ಯಾನವನ್ನು, ಬರೆದರು. ಕನ್ನಡ ಲಿಪಿಯಲ್ಲಿ ಉಚ್ಚಾರಕ್ಕೆ ತಕ್ಕಂತೆ ‘ನಾನಕ್’ ಎಂದು ಬರೆದರೆ ವ್ಯಾಕರಣ ಹೋಗುತ್ತದೆ, ಇದ್ದದ್ದನ್ನು ಇದ್ದಂತೆ ಬರೆದರೆ ಮಗು ‘ನಾನಕು’ ಎಂದೇ ಓದುತ್ತದೆ. ನಿಮ್ಮ ಪುಸ್ತಿಕೆ ಎರಡನೆಯ ದಾರಿ ಹಿಡಿದಿದೆ, ಆದರೆ ಅದನ್ನು ಓದುವವರಿಗೆ ತಿಳಿಸಿಲ್ಲ ಎಂದು ಕಾಣುತ್ತದೆ. ದೋಷ ಕನ್ನಡ ಲಿಪಿಯದಲ್ಲ.

ಇನ್ನೊಂದು ಮಾತು. ಹಳೆಯ ಬೀಡ್‌ಗಳಲ್ಲಿ, ಅಂದರೆ ಗ್ರಂಥದ ಹಳೆಯ ಪ್ರತಿಗಳಲ್ಲಿ, ಗುರು ಗ್ರಂಥ ಸಾಹಿಬ್ ‘ಲಡೀವಾರ್’ ಕ್ರಮದಲ್ಲಿದೆ, ಅಂದರೆ ಪದಗಳ ನಡುವೆ ತೆರಪಿಲ್ಲದೆ ಸಾಲಿಡೀ ಒಂದೇ ಎಳೆಯಾಗಿ ಬರೆದದ್ದು. ನಮ್ಮ ಶಾಸನಗಳೂ ಓಲೆಗರಿಗಳೂ ಹಾಗೆಯೇ ಇವೆ. ಎಲ್ಲಿ ಒಡೆಯಬೇಕೆಂಬುದನ್ನು ಓಲೆ ಹೇಳುವುದಿಲ್ಲ, ಪಕ್ಕದಲ್ಲಿ ಕುಳಿತವರು ಹೇಳಬೇಕು.

ಲುಧಿಯಾನ ವಾಸಿ ಬರೆದದ್ದು:

ಹದಿನಾಲ್ಕು ವರ್ಷಗಳಿಂದ ಲುಧಿಯಾನದಲ್ಲಿದ್ದೇನೆ, ಮೂಲತಃ ಗದಗಿನವನು, ಪತ್ನಿ ಸಿಖ್ ಮನೆತನದವರು. ಮೇಷ್ಟರು ‘ಪಕ್ಕದಲ್ಲಿ ಕುಳಿತವರು’ ಎಂದರಲ್ಲ, ಅದಕ್ಕೆ ಇಲ್ಲಿ ಒಂದು ಹೆಸರೇ ಇದೆ: ಸಂಥ್ಯಾ. ಬಲ್ಲವರೊಬ್ಬರ ಎದುರು ಕುಳಿತು ಅವರು ಹೇಳಿದ್ದನ್ನು ಹಿಂದಿನಿಂದ ಹೇಳಿ, ತಪ್ಪಿದಲ್ಲಿ ತಿದ್ದಿಸಿಕೊಂಡು, ಪಾಠವನ್ನು ಒಪ್ಪಿಸುವ ಕ್ರಮ. ನಮ್ಮಲ್ಲಿ ವೇದಪಾಠವನ್ನೋ ಸಂಗೀತವನ್ನೋ ಕಲಿಯುವಂತೆ. ಗುರು ಗ್ರಂಥ ಸಾಹಿಬ್‌ನ 1430 ಅಂಗಗಳ (ಪುಟಗಳ) ಸಂಥ್ಯೆಯನ್ನು ಪೂರ್ತಿ ಮುಗಿಸಲು ಹಲವರಿಗೆ ವರ್ಷಗಳೇ ಹಿಡಿಯುತ್ತವೆ.

ಪಂಜಾಬಿನ ಮಕ್ಕಳಿಗೆ ಇದೆಲ್ಲ ಸುಲಭ, ದಖ್ಖನಿನವರಿಗೆ ಮಾತ್ರ ಕಷ್ಟ ಎಂದು ಬೀದರಿನ ಮಿತ್ರರು ಭಾವಿಸಬಾರದು. ನನ್ನ ಮಕ್ಕಳು ಮನೆಯಲ್ಲಿ ಪಂಜಾಬಿ ಆಡುತ್ತಾರೆ, ಶಾಲೆಯಲ್ಲಿ ಗುರ್ಮುಖಿ ಬರೆಯುತ್ತಾರೆ. ಆದರೂ ಜಪ್‌ಜಿಯ ಮೊದಲ ಪೌಡಿಯಲ್ಲಿಯೇ, ಅಂದರೆ ಮೊದಲ ಪದ್ಯದಲ್ಲಿಯೇ, ಎಡವಿದರು. ‘ಸೋಚೈ ಸೋಚಿ ನ ಹೋವಈ’ ಎಂದಾಗ ಇಂದಿನ ಪಂಜಾಬಿಯ ‘ಸೋಚ್’ ಅಡ್ಡ ಬಂದು, ಯೋಚಿಸಿದರೆ ಸಿಗದು ಎಂದು ಅವರು ಅರ್ಥ ಮಾಡಿಕೊಂಡರು. ಹಾಗೆ ಅರ್ಥ ಹೇಳುವವರೂ ಇದ್ದಾರೆ ಎನ್ನುವುದು ನಿಜ. ಆದರೆ ಸಾಹಿಬ್ ಸಿಂಗ್ ಅವರ ಟೀಕೆಯ ಪ್ರಕಾರ ಅದು ‘ಶೌಚ’, ಲಕ್ಷ ಸಲ ಮೈ ತೊಳೆದರೂ ಮನಸ್ಸಿನ ಶುಚಿ ಆಗದು ಎಂದು. ಶುಚಿ, ಶೌಚ ಎಂಬ ಪದಗಳನ್ನು ದಿನವೂ ಬಳಸುವ ಕನ್ನಡದ ಹುಡುಗಿ ಈ ಅರ್ಥಕ್ಕೆ ನನ್ನ ಮಕ್ಕಳಿಗಿಂತ ಹತ್ತಿರದಲ್ಲಿದ್ದಾಳೆ. ಗ್ರಂಥದ ಭಾಷೆ ಒಂದೇ ಪಂಜಾಬಿಯಲ್ಲ. ಅದರಲ್ಲಿ ಬ್ರಜವಿದೆ, ಪಾರಸಿಯಿದೆ, ಪಂಢರಪುರದ ನಾಮದೇವರ 61 ಪದಗಳಿವೆ, ಅವುಗಳಲ್ಲಿ ಮರಾಠಿಯ ಛಾಯೆಯಿದೆ.

ಕಲಿಯಲೇಬೇಕೇ ಎಂಬ ಪ್ರಶ್ನೆಗೆ ಪಂಥದ ಉತ್ತರ ಸ್ಪಷ್ಟವಾಗಿದೆ. ಶಿರೋಮಣಿ ಗುರುದ್ವಾರಾ ಪ್ರಬಂಧಕ ಸಮಿತಿ 1945ರಲ್ಲಿ ಅಂತಿಮಗೊಳಿಸಿದ, ಸಿಖ್ಖರ ನಡಾವಳಿಯ ನಿಯಮಗಳಾದ ರಹತ್ ಮರ್ಯಾದೆಯಲ್ಲಿ, ಸಿಖ್ಖನಿಗೆ ಗುರ್ಮುಖಿ ವಿದ್ಯೆ ಅಗತ್ಯ, ಇತರ ವಿದ್ಯೆಗಳನ್ನೂ ಕಲಿಯಬೇಕು ಎಂಬ ಭಾವದ ಮಾತಿದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದು ನನಗೆ ಬಹಳ ಹಿಡಿಸುತ್ತದೆ. ಅಮೃತಸರದ ಖಾಲ್ಸಾ ಕಾಲೇಜು ಹುಟ್ಟಿದ್ದು 1892ರಲ್ಲಿ. ಅದೇ ವರ್ಷ ಫಿರೋಜ್‌ಪುರದಲ್ಲಿ ಭಾಯಿ ತಖತ್ ಸಿಂಗ್ ಅವರು ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ವಿಜ್ಞಾನವೋ ಧರ್ಮವೋ ಎಂದು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಮಾತು ಆ ಪೀಳಿಗೆಗೆ ಹೊಳೆದಿರಲಿಕ್ಕಿಲ್ಲ.

ಕಲ್ಯಾಣದ ಓದುಗ ಬರೆದದ್ದು:

ಎಲ್ಲರ ಮೇಲೂ ಗೌರವವಿಟ್ಟುಕೊಂಡೇ ಭಿನ್ನವಾದ ಒಂದು ಮಾತನ್ನು ಹೇಳುತ್ತೇನೆ. ನಾನು ಬೀದರ್ ಜಿಲ್ಲೆಯವನೇ, ಬಸವಕಲ್ಯಾಣದ ಕಡೆಯವನು. ಶರಣರು ಜನರ ಮಾತಿನಲ್ಲಿ ವಚನ ನುಡಿದದ್ದು ಏಕೆ? ಗುರು ನಾನಕರು ಜನರ ಮಾತಿನಲ್ಲಿ ಹಾಡಿದ್ದು ಏಕೆ? ಪಂಡಿತರ ಭಾಷೆ, ಪಂಡಿತರ ಲಿಪಿ ಎಂಬ ಬಾಗಿಲುಗಳನ್ನು ತೆರೆಯುವುದಕ್ಕೆ. ಇಂದು ನಾವೇ ಗುರ್ಮುಖಿ ಬಾರದಿದ್ದರೆ ಒಳಗೆ ಪ್ರವೇಶವಿಲ್ಲ ಎಂಬಂತೆ ಮಾತನಾಡಿದರೆ ಅದೇ ಬಾಗಿಲನ್ನು ಮತ್ತೆ ಹಾಕಿದಂತಲ್ಲವೇ? ಬೀದರಿನ ಗುರುದ್ವಾರವಾದ ನಾನಕ್ ಝಿರಾಕ್ಕೆ ಬರುವ ನಮ್ಮ ಸುತ್ತಲಿನ ಹಳ್ಳಿಗಳ ಜನ ಕುಂಡದ ನೀರು ಕುಡಿದು, ಲಂಗರಿನಲ್ಲಿ ಸಾಲಾಗಿ ಕುಳಿತು ಉಂಡು ಹೋಗುತ್ತಾರೆ. ಅವರನ್ನು ಯಾರೂ ಯಾವ ಲಿಪಿ ಬರುತ್ತದೆಂದು ಕೇಳಿಲ್ಲ. ನಮಗೆ ಅದು ದಾಸೋಹದಷ್ಟೇ ಪರಿಚಿತ. ಬೈಸಾಖಿಯ ದಿನ, 1699ರಲ್ಲಿ, ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗರ ಕರೆಗೆ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು, ಕ್ಷೌರಿಕ ವೃತ್ತಿಯ ಮನೆತನದವರು ಎಂದು ಪರಂಪರೆ ಹೇಳುತ್ತದೆ. ಅಂದು ಕೇಳಿದ್ದು ತಲೆಯನ್ನು, ಅಕ್ಷರವನ್ನಲ್ಲ.

ಮಗುವಿಗೆ ಮೊದಲು ಅರ್ಥವನ್ನು ಕನ್ನಡದಲ್ಲಿ ಹೇಳಿ. ಬೇಕೆನಿಸಿದರೆ ಲಿಪಿಯನ್ನು ಅವಳೇ ಕಲಿತಾಳು.

ಹಳಗನ್ನಡ ಮೇಷ್ಟರು ಬರೆದದ್ದು:

ಕಲ್ಯಾಣದವರ ಮಾತಿನ ಬಿಸಿ ನನಗೆ ತಟ್ಟಿತು. ಒಂದನ್ನು ಮಾತ್ರ ಸೇರಿಸುತ್ತೇನೆ. ಗುರ್ಮುಖಿ ಪಂಡಿತರ ಲಿಪಿಯಾಗಿ ಬೆಳೆದದ್ದಲ್ಲ. ಎರಡನೆಯ ಗುರು ಅಂಗದರು ಖಡೂರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದ ಲಿಪಿ ಅದು. ಮೂವತ್ತೈದು ಅಕ್ಷರ, ಅದಕ್ಕೇ ‘ಪೈಂತೀ’ ಎಂದು ಹೆಸರು. ಒತ್ತಕ್ಷರಗಳ ಕಾಟವೂ ಕಡಿಮೆ. ನಮ್ಮ ಕಾಗುಣಿತವನ್ನು ಗೆದ್ದ ಮಗುವಿಗೆ ಎರಡು ತಿಂಗಳು ಸಾಕು. ಆಸಾ ರಾಗದಲ್ಲಿ ನಾನಕರ ‘ಪಟ್ಟೀ’ ಎಂಬ ರಚನೆಯಿದೆ, ಅಕ್ಷರಮಾಲೆಯ ಒಂದೊಂದು ಅಕ್ಷರವನ್ನು ಹಿಡಿದು ಕಟ್ಟಿದ ಪದ. ಹಲಗೆಯ ಮೇಲೆ ತಿದ್ದುವ ಮಗುವನ್ನು ಎದುರಿಗಿಟ್ಟುಕೊಂಡ ಮಾತು ಅದು. ಕಲಿಯದಿದ್ದವರಿಗೆ ಬಾಗಿಲು ಹಾಕುವುದು ತಪ್ಪು ಎಂಬುದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಕಲಿಯಬಲ್ಲ ಮಗುವಿಗೆ ಇದು ನಿನಗೆ ಬೇಡ ಎನ್ನುವುದೂ ಬಾಗಿಲು ಹಾಕುವುದೇ.

ದಿಲ್‌ರುಬಾ ವಿದ್ಯಾರ್ಥಿನಿ ಬರೆದದ್ದು:

ನಾನು ಬಂದದ್ದು ಸಂಗೀತದ ದಾರಿಯಿಂದ, ಆದ್ದರಿಂದ ಅಷ್ಟನ್ನೇ ಹೇಳುತ್ತೇನೆ. ಗ್ರಂಥ ಸಾಹಿಬ್‌ನ ಬಹುಭಾಗವನ್ನು 31 ರಾಗಗಳ ಕ್ರಮದಲ್ಲಿ ಜೋಡಿಸಿದ್ದಾರೆ. ಪದದ ತಲೆಯ ಮೇಲೆ ರಾಗದ ಹೆಸರು, ನಡುವೆ ಒಂದು ಕಡೆ ‘ರಹಾಉ’ ಎಂಬ ಗುರುತು. ದಾಸರ ಕೀರ್ತನೆ ಹಾಡಿಕೊಂಡು ಬೆಳೆದ ನನಗೆ ಅದು ಪಲ್ಲವಿ ಎಂದು ಕೂಡಲೇ ಗೊತ್ತಾಯಿತು. ಮತ್ತೆ ಮತ್ತೆ ಮರಳುವ ಸಾಲು ಅದು, ಪದದ ತಿರುಳೂ ಅಲ್ಲಿಯೇ ಇರುತ್ತದೆ ಎಂದು ನನ್ನ ಗುರುಗಳು ಹೇಳಿಕೊಟ್ಟರು. ಬರಿಯ ಅನುವಾದದ ಪುಸ್ತಕ ಓದಿದರೆ ರಹಾಉ ಎಂಬುದು ಒಂದು ಅಂಕಿಯಂತೆ ಕಣ್ಣಿನ ಕೆಳಗೆ ಜಾರಿಹೋಗುತ್ತದೆ.

ಸಿಖ್ಖರ ಪರಮೋಚ್ಚ ಪೀಠವಾದ ಅಕಾಲ್ ತಖ್ತ್ 2022ರಲ್ಲಿ, ದರ್ಬಾರ್ ಸಾಹಿಬ್‌ನಲ್ಲಿ (ಅಮೃತಸರದ ಸ್ವರ್ಣಮಂದಿರದಲ್ಲಿ) ಮೂರು ವರ್ಷಗಳೊಳಗೆ ಹಾರ್ಮೋನಿಯಂ ಬಿಟ್ಟು ತಂತಿವಾದ್ಯಗಳಿಗೆ ಮರಳುವಂತೆ ಗುರುದ್ವಾರಾ ಪ್ರಬಂಧಕ ಸಮಿತಿಗೆ ಸೂಚಿಸಿದಾಗ ಬಹಳ ವಾದವಿವಾದವಾಯಿತು. ಹಾರ್ಮೋನಿಯಂ ಮೇಲೆ ನನಗೆ ದ್ವೇಷವಿಲ್ಲ. ಆದರೆ ದಿಲ್‌ರುಬಾದ ಮೇಲೆ ಕಮಾನು ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿದಾಗ ಪದದ ಕೊನೆಯ ಮಾತು ಕರಗುವ ಬಗೆಯನ್ನು ಕೇಳಿದವರಿಗೆ ಆ ಸೂಚನೆಯ ಹಿಂದಿನ ಹಂಬಲ ಅರ್ಥವಾಗುತ್ತದೆ. ಬೀದರಿನ ತಂದೆಯವರೇ, ನೀವು ಹೊದಿಕೆಯೊಳಗಿನಿಂದ ಕೇಳಿ ಕಲಿತಿರಿ. ನಿಮ್ಮ ಮಗಳಿಗೂ ಮೊದಲು ನಿಮ್ಮ ದನಿ ಬೇಕು, ಫೋನಿನ ದನಿಯಲ್ಲ.

ಸ್ಲೌ ಊರಿನಿಂದ ಬರೆದದ್ದು:

ನಾನು ಧಾರವಾಡದವಳು, ಇಂಗ್ಲೆಂಡಿನ ಸ್ಲೌ ಊರಿನಲ್ಲಿ ಹತ್ತು ವರ್ಷಗಳಿಂದ ಇದ್ದೇನೆ. ಅಕ್ಕಪಕ್ಕದ ಮನೆಗಳಲ್ಲಿ ಬಹಳಷ್ಟು ಸಿಖ್ ಕುಟುಂಬಗಳಿವೆ. ಪಕ್ಕದ ಮನೆಯ ಅಜ್ಜಿಯ ಒತ್ತಾಯಕ್ಕೆ ಗುರುದ್ವಾರದ ವಾರಾಂತ್ಯದ ಪಂಜಾಬಿ ತರಗತಿಯಲ್ಲಿ ನೆರವಿಗೆ ಹೋಗುತ್ತೇನೆ. ಊಡಾ, ಐಡಾ, ಈಡೀ, ಸಸ್ಸಾ, ಹಾಹಾ ಎಂದು ಐದು ವರ್ಷದ ಮಕ್ಕಳ ಜೊತೆಗೆ ನಾನೂ ಕಲಿತೆ.

ಇಲ್ಲಿ ಸೌಕರ್ಯಗಳಿಗೆ ಕೊರತೆಯಿಲ್ಲ. ಹದಿನಾರನೆಯ ವಯಸ್ಸಿನ ಶಾಲಾ ಪರೀಕ್ಷೆಯಲ್ಲಿ ಪಂಜಾಬಿಯನ್ನು ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಹತ್ತಿರದ ಹೇಯ್ಸ್‌ನಲ್ಲಿ 1990ರ ದಶಕದಲ್ಲಿಯೇ ಸಿಖ್ ಶಾಲೆಯೊಂದು ಆರಂಭವಾಗಿ, ಮುಂದೆ ಸರ್ಕಾರದ ಅನುದಾನವನ್ನೂ ಪಡೆಯಿತು. ಗುರುದ್ವಾರದ ಸಭಾಂಗಣದ ಗೋಡೆಯ ಪರದೆಯ ಮೇಲೆ ಹಾಡುತ್ತಿರುವ ಪದದ ಸಾಲು ಗುರ್ಮುಖಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಮೂಡುತ್ತದೆ. ಹೀಗಿದ್ದೂ ನಾನು ಕಂಡದ್ದನ್ನು ಹೇಳಬೇಕು: ಹನ್ನೆರಡು ಹದಿಮೂರಕ್ಕೆ ಬಂದ ಮಕ್ಕಳು ತರಗತಿಯನ್ನು ಬಿಡುತ್ತಾರೆ. ಪರದೆಯ ಇಂಗ್ಲಿಷ್ ಸಾಲನ್ನು ಮಾತ್ರ ಓದಿ, ತಲೆ ತಗ್ಗಿಸಿ ಹೊರಟುಬಿಡುತ್ತಾರೆ. ಉಳಿಯುವವರು ಯಾರೆಂದರೆ, ಅಡುಗೆಮನೆಯಲ್ಲಿ ಕೆಲಸವಿರುವವರು. ರೊಟ್ಟಿ ಲಟ್ಟಿಸುವ ಹೆಂಗಸರ ಸಾಲಿನ ಕೊನೆಗೆ ಒಂದು ಹುಡುಗಿ ಕುಳಿತಿರುತ್ತಾಳೆ, ಬೆಂದ ರೊಟ್ಟಿಗೆ ಬೆಣ್ಣೆ ಸವರುವುದು ಅವಳ ಸೇವೆ. ಪಕ್ಕದ ಅಜ್ಜಿ ಸುಖಮನಿ ಎಂಬ ಪ್ರಾರ್ಥನೆಯ ಒಂದು ಸಾಲು ಹೇಳಿದರೆ ಅವಳು ಮುಂದಿನ ಸಾಲು ಹೇಳಬೇಕು, ತಪ್ಪಿದರೆ ಅಜ್ಜಿ ಮೊಣಕೈಯಿಂದ ಮೆಲ್ಲಗೆ ತಿವಿಯುತ್ತಾರೆ. ಎರಡು ವರ್ಷಗಳಲ್ಲಿ ಆ ಹುಡುಗಿ ಕಲಿತಷ್ಟನ್ನು ನಮ್ಮ ತರಗತಿಯಲ್ಲಿ ಯಾರೂ ಕಲಿತಿಲ್ಲ. ಮಗಳನ್ನು ಹಲಸೂರಿಗೆ ಕರೆದುಕೊಂಡು ಹೋದಾಗ ಬರಿಯ ಮತ್ಥಾ ಟೇಕಿ, ಅಂದರೆ ಹಣೆ ಮುಟ್ಟಿಸಿ ನಮಸ್ಕರಿಸಿ, ಹಿಂದಿರುಗಬೇಡಿ, ಅವಳ ಕೈಗೆ ಒಂದು ಕೆಲಸ ಕೊಡಿಸಿ.

ಜನವಾಡದ ಹಿರಿಯಳು ಬರೆದದ್ದು:

ತಮ್ಮಾ, ಮೊಮ್ಮಗ ಬರೆದುಕೊಡುತ್ತಿದ್ದಾನೆ, ಮಾತು ನನ್ನದು. ಬೀದರಿನಿಂದ ಹತ್ತಿಪ್ಪತ್ತು ನಿಮಿಷದ ದಾರಿಯ ಜನವಾಡ ನಮ್ಮೂರು. ಮಾಯಿ ಭಾಗೋ ಅವರು, ನಾಂದೇಡಿನ ಹಜೂರ್ ಸಾಹಿಬ್‌ನಲ್ಲಿ ದಶಮ ಗುರು ಗೋಬಿಂದ್ ಸಿಂಗರು 1708ರಲ್ಲಿ ಜೋತಿಯಲ್ಲಿ ಸೇರಿದ ಮೇಲೆ ಇಲ್ಲಿಗೆ ಬಂದು ಕೊನೆಯವರೆಗೆ ಇದ್ದ ನೆಲ ಇದು. ಯುದ್ಧ ಮಾಡಿದ ಹೆಂಗಸು ದಖ್ಖನಿಗೆ ಬಂದು ಧ್ಯಾನ ಮಾಡುತ್ತ, ಜನರಿಗೆ ತಿಳಿಹೇಳುತ್ತ ಕುಳಿತಳು ಎಂದು ನಾವು ಕೇಳಿಕೊಂಡು ಬಂದಿದ್ದೇವೆ. ಅವರಿಗೆ ಇಲ್ಲಿಯ ಜನರ ಮಾತು ಗೊತ್ತಿತ್ತೇ, ಜನರಿಗೆ ಅವರ ಮಾತು ಗೊತ್ತಿತ್ತೇ? ಆದರೂ ಕಲಿಸಿದರು.

ನಾನು ಅಕ್ಷರ ಕಲಿತದ್ದು ಮದುವೆಯಾಗಿ ಬಂದ ಮೇಲೆ, ಅತ್ತೆಯವರಿಂದ. ರಾಗಿ ಬೀಸಿದ ಹಿಟ್ಟನ್ನು ಹರಿವಾಣದಲ್ಲಿ ಹರಡಿ ಬೆರಳಿನಿಂದ ಬರೆಸುತ್ತಿದ್ದರು. ಮೊದಲು ಆರು ತಿಂಗಳು ಬರಿಯ ಕೇಳುವುದು, ಆಮೇಲೆ ಬಾಯಿ, ಕೊನೆಗೆ ಅಕ್ಷರ. ನೀನು ತಿರುಗಾಮುರುಗಾ ಮಾಡಿದ್ದೀಯ, ಮೊದಲೇ ಪುಸ್ತಕ ಕೊಟ್ಟೆ. ಅದಕ್ಕೆ ಮಗು ತಪ್ಪಾಗಿ ಓದಿತು.

ನಿನ್ನ ತಂದೆಯ ಗುಟಕಾದ ಗೀಟುಗಳ ವಿಷಯ ಓದಿಸಿಕೊಂಡು ಕೇಳಿದೆ. ಅವು ವಿಶ್ರಾಮ್. ಸಂಥ್ಯಾ ತೆಗೆದುಕೊಂಡವರು ಎಲ್ಲಿ ಉಸಿರು ನಿಲ್ಲಿಸಬೇಕೆಂದು ಹಾಗೆ ಗುರುತು ಹಾಕಿಕೊಳ್ಳುತ್ತಾರೆ. ಸಣ್ಣ ಗೀಟಾದರೆ ಸಣ್ಣ ನಿಲುಗಡೆ, ಉದ್ದವಾದರೆ ಪೂರ್ತಿ ನಿಲುಗಡೆ. ನಿಲ್ಲುವ ಜಾಗ ತಪ್ಪಿದರೆ ಅರ್ಥ ತಪ್ಪುತ್ತದೆ. ನಿನ್ನ ತಂದೆ ಯಾರ ಮುಂದೆಯೋ ಕುಳಿತು ಕಲಿತಿದ್ದಾನೆ, ಕಲಿತದ್ದನ್ನು ಪುಸ್ತಕದಲ್ಲಿ ಇಟ್ಟು ಹೋಗಿದ್ದಾನೆ. ಅದನ್ನು ಗೂಡಿನಿಂದ ಇಳಿಸು. ಆದರ ಮಾಡುವುದೆಂದರೆ ಎತ್ತಿಡುವುದಷ್ಟೇ ಅಲ್ಲಪ್ಪ. ರಾತ್ರಿ ಎಂಟರ ಮೇಲೆ ನನಗೆ ಕೆಲಸವಿರುವುದಿಲ್ಲ. ಮೊಮ್ಮಗ ವಿಡಿಯೋ ಕರೆ ಹಚ್ಚಿಕೊಡುತ್ತಾನೆ, ನಿನ್ನ ಮಗಳನ್ನು ಕೂರಿಸು. ನೀನೂ ಕೂರು.

ಬೀದರಿನ ತಂದೆ ಬರೆದದ್ದು:

ಮೂರು ತಿಂಗಳ ಮೇಲೆ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಕಲ್ಯಾಣದವರು ಹೇಳಿದಂತೆ ಪ್ರತಿ ಪೌಡಿಯ ಅರ್ಥವನ್ನು ಮೊದಲು ಕನ್ನಡದಲ್ಲಿ ಮಾತನಾಡಿಕೊಳ್ಳುತ್ತೇವೆ. ಆಮೇಲೆ ಜನವಾಡದ ಅಮ್ಮನವರು ಹೇಳುತ್ತಾರೆ, ನಾವಿಬ್ಬರೂ ಹಿಂದಿನಿಂದ ಹೇಳುತ್ತೇವೆ. ಮೊದಲ ಐದು ವಾರ ಅವರು ಪುಸ್ತಕವನ್ನು ತೆರೆಯಲು ಬಿಡಲಿಲ್ಲ. ಆರನೆಯ ವಾರ ಪೈಂತೀ ಶುರುವಾಯಿತು. ಮನೆಯಲ್ಲಿ ರಾಗಿಹಿಟ್ಟು ಮುಗಿದಿದ್ದರಿಂದ ಗೋಧಿಹಿಟ್ಟು ಹರಡಿಕೊಂಡೆವು.

ಐವತ್ತು ವರ್ಷ ನಾನು ಹೇಳಿಕೊಂಡು ಬಂದದ್ದರಲ್ಲಿ ಹನ್ನೊಂದು ತಪ್ಪುಗಳನ್ನು ಅಮ್ಮನವರು ಇದುವರೆಗೆ ತಿದ್ದಿದ್ದಾರೆ. ಮಗಳು ಅವನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾಳೆ. ಮೇಷ್ಟರೇ, ‘ಗುರ ಪ್ರಸಾದಿ’ ಬಂದಾಗ ‘ಇಲ್ಲಿ ಇಂದ ಇದೆ’ ಎಂದು ಅವಳೇ ಹೇಳಿದಳು.

ನಿನ್ನೆ ತಂದೆಯವರ ಗುಟಕಾ ಸಾಹಿಬ್ ತೆರೆದೆವು. ಕೈ ತೊಳೆದು, ತಲೆ ಮುಚ್ಚಿಕೊಂಡು, ರುಮಾಲನ್ನು ಬಿಡಿಸಿ ಮಣೆಯ ಮೇಲೆ ಇಟ್ಟೆವು. ‘ಸೋಚೈ ಸೋಚಿ ನ ಹೋವಈ’ ಎಂಬಲ್ಲಿಗೆ ಬಂದಾಗ ‘ಹೋವಈ’ ಆದ ಮೇಲೆ ಒಂದು ಸಣ್ಣ ಗೀಟಿತ್ತು. ಮಗಳು ಅಲ್ಲಿ ನಿಂತು, ಉಸಿರು ತೆಗೆದುಕೊಂಡು, ‘ಜೇ ಸೋಚೀ ಲಖ ವಾರ’ ಎಂದು ಮುಂದುವರಿಸಿದಳು. ನನ್ನ ತಂದೆ ನಿಲ್ಲುತ್ತಿದ್ದದ್ದೂ ಅಲ್ಲಿಯೇ.

ಮೂವತ್ತೆಂಟು ಪೌಡಿಗಳಲ್ಲಿ ಐದು ಮುಗಿದಿವೆ. ಏಳನೆಯದರಲ್ಲಿ ಒಂದು ಕಡೆ ತಂದೆಯವರು ಗೀಟು ಹಾಕಿ, ಅದನ್ನು ಅಳಿಸಿ, ಮುಂದಿನ ಪದದ ಮೇಲೆ ಮತ್ತೆ ಹಾಕಿದ್ದಾರೆ. ಅದೇಕೆಂದು ಗುರುವಾರ ಅಮ್ಮನವರನ್ನು ಕೇಳಬೇಕು.